ರಿಲೇ ಕಾರ್ಡ್ ಬದಲಾವಣೆ: ತಿರುಪು ಬಿಚ್ಚುವ ಮುನ್ನ, ಬಿಗಿದ ಮೇಲೆ

ಪೀಣ್ಯದ ಕಾರ್ಖಾನೆಗಳ 11 ಕೆವಿ ಪ್ಯಾನೆಲ್‌ಗಳಲ್ಲಿ ಹತ್ತು ಹದಿನೈದು ವರ್ಷಗಳ ಹಿಂದೆ ಕೂರಿಸಿದ ನ್ಯೂಮರಿಕಲ್ ರಿಲೇಗಳ (ಫಾಲ್ಟ್ ಕಂಡರೆ ಬ್ರೇಕರನ್ನು ಟ್ರಿಪ್ ಮಾಡಿಸಿ ವಿದ್ಯುತ್ ಕಡಿಯುವ ಡಿಜಿಟಲ್ ರಕ್ಷಣಾ ಸಾಧನಗಳ) ಬಗ್ಗೆ ನನಗೆ ಬರುವ ಕರೆಗಳಲ್ಲಿ ಹೆಚ್ಚಿನವು ಒಂದೇ ಬಗೆಯವು. ವಾರ್ಷಿಕ ಶಟ್‌ಡೌನ್‌ಗೆಂದು ಬೆಳಿಗ್ಗೆ ರಿಲೇಯನ್ನು ಓಡಿಸುವ ಡಿಸಿ ಸಪ್ಲೈ ತೆಗೆದಿರುತ್ತಾರೆ. ಸಂಜೆ ಮರಳಿ ಕೊಟ್ಟಾಗ ರಿಲೇಯ ಡಿಸ್‌ಪ್ಲೇ ಕಪ್ಪಾಗಿಯೇ ಉಳಿಯುತ್ತದೆ. "ಬೆಳಿಗ್ಗೆ ತನಕ ಚೆನ್ನಾಗೇ ಇತ್ತಲ್ಲ ಸರ್, ನಾವು ಏನೂ ಮುಟ್ಟಿಲ್ಲ" ಎಂದು ಆಪರೇಟರ್ ಹೇಳುವುದು ನಿಜವೇ. ಪವರ್ ಸಪ್ಲೈ ಕಾರ್ಡ್‌ನಲ್ಲಿರುವ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್‌ಗಳು ವರ್ಷಗಳ ಬಿಸಿಗೆ ಒಳಗೊಳಗೇ ಒಣಗುತ್ತವೆ. ಒಮ್ಮೆ ಚಾಲೂ ಆದ ಸಪ್ಲೈ ಹೇಗೋ ಓಡುತ್ತಿರುತ್ತದೆ, ಆದರೆ ಆರಿಸಿದ ಮೇಲೆ ಮತ್ತೆ ಹೊತ್ತಿಕೊಳ್ಳಲು ಬೇಕಾದ ಶಕ್ತಿ ಆ ಕೆಪಾಸಿಟರ್‌ಗಳಲ್ಲಿ ಉಳಿದಿರುವುದಿಲ್ಲ. ಉಷ್ಣತೆ 10 ಡಿಗ್ರಿ ಏರಿದರೆ ಅವುಗಳ ಆಯಸ್ಸು ಸರಿಸುಮಾರು ಅರ್ಧಕ್ಕಿಳಿಯುತ್ತದೆ ಎಂಬುದು ಈ ಕ್ಷೇತ್ರದಲ್ಲಿ ಎಲ್ಲರೂ ಬಳಸುವ ಲೆಕ್ಕ. ಬೆಂಗಳೂರಿನ ಹವೆ ತಂಪು ಎಂಬ ಸಮಾಧಾನ ಮುಚ್ಚಿದ ಪ್ಯಾನೆಲ್‌ನ ಒಳಗೆ ನಡೆಯುವುದಿಲ್ಲ.

ಕಾರ್ಡ್ ಎಳೆದು ಹೊಸದನ್ನು ಕೂರಿಸುವುದು ಅರ್ಧ ಗಂಟೆಯ ಕೆಲಸವೂ ಅಲ್ಲ. ಅದಕ್ಕೆ ಮೊದಲಿನ ಸಿದ್ಧತೆ ಮತ್ತು ಅನಂತರದ ಪರೀಕ್ಷೆಗಳೇ ನಿಜವಾದ ಕೆಲಸ ಎಂಬುದನ್ನು ಕಾರ್ಖಾನೆಯವರಿಗೆ ಒಪ್ಪಿಸುವುದು ಕಷ್ಟ, ಏಕೆಂದರೆ ಅವರ ಕಣ್ಣಿಗೆ ಕಾಣುವುದು ನಾಲ್ಕು ತಿರುಪುಗಳು ಮಾತ್ರ.

ಲೈನ್ ಕ್ಲಿಯರ್ (ಕೆಲಸಕ್ಕೆ ಅನುಮತಿ) ಪಡೆದು ಫೀಡರ್ ಆಫ್ ಮಾಡಿದ ಮೇಲೂ, ರಿಲೇಯ ಆಜ್ಞೆ ಬ್ರೇಕರ್‌ಗೆ ತಲುಪದಂತೆ ಟ್ರಿಪ್ ಲಿಂಕ್‌ಗಳನ್ನು ತೆರೆಯಬೇಕು. ಈ ರಿಲೇಯಿಂದ ಇನ್‌ಕಮರ್ ಬ್ರೇಕರ್‌ಗೆ (ಕಾರ್ಖಾನೆಗೆ ವಿದ್ಯುತ್ ತರುವ ಮುಖ್ಯ ಬ್ರೇಕರ್) ಇಂಟರ್‌ಟ್ರಿಪ್, ಅಂದರೆ ಅದನ್ನೂ ಟ್ರಿಪ್ ಮಾಡಿಸುವ ಆಜ್ಞೆ, ಹೋಗುತ್ತಿದ್ದರೆ ಅದನ್ನೂ ಬಿಡಿಸದೆ ಪರೀಕ್ಷೆಗೆ ಕೈಹಾಕಿದರೆ ಇಡೀ ಕಾರ್ಖಾನೆ ಕತ್ತಲಾಗುತ್ತದೆ. ಎರಡು ಬದಿಯ ಕರೆಂಟ್ ಹೋಲಿಸುವ ಡಿಫರೆನ್ಷಿಯಲ್ ರಿಲೇಯಲ್ಲಿ ಇನ್ನೊಂದು ಬದಿಯ ಸಿಟಿಯಲ್ಲಿ (ಕರೆಂಟ್ ಟ್ರಾನ್ಸ್‌ಫಾರ್ಮರ್) ಕರೆಂಟ್ ಹರಿಯುತ್ತಲೇ ಇರುವ ಸಂದರ್ಭಗಳಿರುತ್ತವೆ. ಕರೆಂಟ್ ಹರಿಯುತ್ತಿರುವ ಸಿಟಿಯ ಸೆಕೆಂಡರಿಯನ್ನು, ಅಂದರೆ ರಿಲೇಗೆ ಬರುವ ಬದಿಯನ್ನು, ತೆರೆದರೆ ಸಾವಿರಾರು ವೋಲ್ಟ್ ಹುಟ್ಟಬಹುದು, ಆದ್ದರಿಂದ ಮೊದಲು ಟರ್ಮಿನಲ್ ಬ್ಲಾಕ್‌ನಲ್ಲಿ ಅದನ್ನು ಶಾರ್ಟ್ ಮಾಡಬೇಕು. ರಿಲೇಯನ್ನು ಹೊರಗೆಳೆದಾಗ ತಾನಾಗಿ ಶಾರ್ಟ್ ಆಗುವ ಕೇಸ್‌ಗಳಿವೆ, ಆದರೂ ಕ್ಲ್ಯಾಂಪ್ ಮೀಟರ್ ಹಿಡಿದು ಕರೆಂಟ್ ಪೂರ್ತಿಯಾಗಿ ಶಾರ್ಟಿಂಗ್ ಲಿಂಕ್‌ಗೆ ತಿರುಗಿದೆ ಎಂದು ನೋಡುವ ತನಕ ನಾನು ಅವನ್ನು ನಂಬುವುದಿಲ್ಲ. ಸೆಟ್ಟಿಂಗ್ಸ್ ಫೈಲನ್ನು, ರಿಲೇ ಇನ್ನೂ ಜೀವಂತವಾಗಿರುವಾಗ, ಅಂದರೆ ಡಿಸಿ ತೆಗೆಯುವ ಮೊದಲೇ, ಲ್ಯಾಪ್‌ಟಾಪ್‌ಗೆ ಇಳಿಸಿಕೊಳ್ಳುವುದು ಜಾಣತನ.

ಹಳೆಯ ಕಾರ್ಡನ್ನು ಮೇಜಿನ ಮೇಲಿಟ್ಟು ನೋಡಿದರೆ ಕೆಲವೊಮ್ಮೆ ಕೆಪಾಸಿಟರ್‌ನ ನೆತ್ತಿ ಉಬ್ಬಿರುತ್ತದೆ, ಬುಡದಲ್ಲಿ ಕಂದು ಕಲೆ ಕಟ್ಟಿ ಮೀನಿನಂಥ ವಾಸನೆ ಬರುತ್ತದೆ. ಎಷ್ಟೋ ಸಲ ಏನೂ ಕಾಣುವುದಿಲ್ಲ, ಇಎಸ್‌ಆರ್ (ಕೆಪಾಸಿಟರ್‌ನ ಒಳಗಿನ ಪ್ರತಿರೋಧ) ಅಳೆಯುವ ಮೀಟರ್ ಮಾತ್ರ ಸತ್ಯ ಹೇಳುತ್ತದೆ. ಎಸ್‌ಪಿ ರೋಡ್‌ನಲ್ಲಿ 105 ಡಿಗ್ರಿಯ ಕೆಪಾಸಿಟರ್ ಕೊಂಡು ಬೆಸುಗೆ ಹಾಕಿದರೆ ಸಾಲದೇ ಎಂದು ಕೇಳುವವರಿದ್ದಾರೆ. ಪವರ್ ಸಪ್ಲೈ ಕಾರ್ಡ್‌ಗೆ, ಅದೂ ತಯಾರಕರು ಬಿಡಿಭಾಗ ಕೊಡುವುದನ್ನೇ ನಿಲ್ಲಿಸಿದ್ದರೆ, ಬಲ್ಲವರ ಕೈಯಲ್ಲಿ ಇದು ನಡೆಯುತ್ತದೆ. ಕರೆಂಟ್, ವೋಲ್ಟೇಜ್ ಅಳೆಯುವ ಅನಲಾಗ್ ಕಾರ್ಡ್‌ಗೆ ಇದು ಸಲ್ಲದು. ಹೊಸ ಕಾರ್ಡ್‌ನಲ್ಲೂ ಎಚ್ಚರ ಬೇಕು: 24–48 ವೋಲ್ಟ್‌ನದೂ 110–250 ವೋಲ್ಟ್‌ನದೂ ನೋಡಲು ಅವಳಿಗಳಂತಿರುತ್ತವೆ, ಹಾಗಾಗಿ ಪಾರ್ಟ್ ನಂಬರ್ ಮತ್ತು ಜಂಪರ್‌ಗಳನ್ನು ಹಳೆಯದರೊಂದಿಗೆ ಹೋಲಿಸಿ ನೋಡಿಯೇ, ಮಣಿಕಟ್ಟಿಗೆ ಅರ್ಥಿಂಗ್ ಪಟ್ಟಿ ಕಟ್ಟಿಕೊಂಡು ಕೂರಿಸಬೇಕು.

ರಿಲೇ ಎದ್ದು ಹಸಿರು ದೀಪ ಉರಿಯಿತೆಂದರೆ ಕೆಲಸ ಮುಗಿಯಿತೆಂದು ಸುತ್ತ ನಿಂತವರೆಲ್ಲ ಚಹಾಕ್ಕೆ ಹೊರಡುತ್ತಾರೆ. ಆ ದೀಪ ಹೇಳುವುದು ರಿಲೇ ತನ್ನನ್ನು ತಾನು ಪರೀಕ್ಷಿಸಿಕೊಂಡಿದೆ ಎಂಬುದನ್ನಷ್ಟೆ. ಟ್ರಿಪ್ ಕಾಂಟ್ಯಾಕ್ಟ್ ಮುಚ್ಚುತ್ತದೆಯೇ ಎಂಬುದು ಅದಕ್ಕೆ ಗೊತ್ತಿಲ್ಲ. ಸದಾಶಿವನಗರದ ಸಿಪಿಆರ್‌ಐಯಂಥ (ಕೇಂದ್ರೀಯ ವಿದ್ಯುತ್ ಸಂಶೋಧನಾ ಸಂಸ್ಥೆ) ಪ್ರಯೋಗಾಲಯ ಕೊಡುವ ಟೈಪ್ ಟೆಸ್ಟ್ ಪ್ರಮಾಣಪತ್ರವೂ ಆ ಮಾದರಿಯ ಬಗ್ಗೆ ಹೇಳುತ್ತದೆಯೇ ಹೊರತು ನಾವು ಇವತ್ತು ಕೂರಿಸಿದ ಕಾರ್ಡ್‌ನ ಬಗ್ಗೆ ಅಲ್ಲ. ಆದ್ದರಿಂದ ರಿಲೇಗೆ ನೇರವಾಗಿ ಪರೀಕ್ಷಾ ಕರೆಂಟ್ ಕೊಡುವ ಸೆಕೆಂಡರಿ ಇಂಜೆಕ್ಷನ್ ಕಿಟ್ ಹಚ್ಚಿ ಮೊದಲು ಅಳತೆ ನೋಡುತ್ತೇನೆ, ಆಮೇಲೆ ಸಮಯ. ಟಿಎಂಎಸ್ (ಟ್ರಿಪ್ ಸಮಯವನ್ನು ಹೆಚ್ಚು ಕಡಿಮೆ ಮಾಡುವ ಗುಣಕ) 0.1 ಇರುವ ಸ್ಟ್ಯಾಂಡರ್ಡ್ ಇನ್ವರ್ಸ್ ಕರ್ವ್‌ನಲ್ಲಿ, ಅಂದರೆ ಕರೆಂಟ್ ಹೆಚ್ಚಿದಷ್ಟೂ ಬೇಗ ಟ್ರಿಪ್ ಕೊಡುವ ಲೆಕ್ಕದಲ್ಲಿ, ಸೆಟ್ಟಿಂಗ್‌ನ ಎರಡು ಪಟ್ಟು ಕರೆಂಟ್‌ಗೆ ಸುಮಾರು 1 ಸೆಕೆಂಡಿನಲ್ಲೂ ಐದು ಪಟ್ಟಿಗೆ 0.43 ಸೆಕೆಂಡಿನಲ್ಲೂ ರಿಲೇ ಟ್ರಿಪ್ ಕೊಡಬೇಕು. ಕೊನೆಗೊಮ್ಮೆ ಬ್ರೇಕರನ್ನು ನಿಜವಾಗಿಯೇ ಟ್ರಿಪ್ ಮಾಡಿಸಿ, ಪರೀಕ್ಷಾ ವೈರ್‌ಗಳನ್ನು ಕಳಚಿ, ಸಿಟಿ ಶಾರ್ಟ್ ತೆಗೆದು, ಮತ್ತೆ ತೆರೆದಿಟ್ಟ ಟ್ರಿಪ್ ಲಿಂಕ್‌ನ ರಿಲೇ ಬದಿಯಲ್ಲಿ ಟ್ರಿಪ್ ವೋಲ್ಟೇಜ್ ನಿಂತಿಲ್ಲವೆಂದು ಮೀಟರ್‌ನಲ್ಲಿ ನೋಡಿದ ಮೇಲಷ್ಟೇ ಆ ಲಿಂಕನ್ನು ಮುಚ್ಚುವುದು.

ರಿಲೇ ಕೆಟ್ಟರೆ ಸೂಚನೆ ಕೊಡುವ ವಾಚ್‌ಡಾಗ್ ಕಾಂಟ್ಯಾಕ್ಟನ್ನು ಅಲಾರಂಗೆ ಜೋಡಿಸದೆ ಬಿಟ್ಟಿರುವ ಪ್ಯಾನೆಲ್‌ಗಳು ಇನ್ನೂ ಕಾಣಸಿಗುತ್ತವೆ. ಅಂಥಲ್ಲಿ ಸತ್ತ ರಿಲೇ ಫಾಲ್ಟ್ ಬರುವ ತನಕ ಯಾರ ಗಮನಕ್ಕೂ ಬರುವುದಿಲ್ಲ. ಕಾರ್ಡ್ ಬದಲಿಸುವ ದಿನವೇ ಆ ಎರಡು ವೈರ್‌ಗಳನ್ನೂ ಎಳೆಸಿಬಿಡುವುದು ಒಳ್ಳೆಯದು. ಇನ್ನು, ಸ್ಟೋರ್‌ನಲ್ಲಿ ಹೆಚ್ಚುವರಿ ಕಾರ್ಡ್ ಇದೆಯೆಂದು ನಿಶ್ಚಿಂತರಾಗಿರುವವರು ಅದರ ತಯಾರಿಕೆಯ ವರ್ಷವನ್ನೊಮ್ಮೆ ನೋಡಬೇಕು, ಏಕೆಂದರೆ ವರ್ಷಗಟ್ಟಲೆ ಕರೆಂಟ್ ಕಾಣದೆ ಕಪಾಟಿನಲ್ಲಿ ಕುಳಿತ ಕೆಪಾಸಿಟರ್‌ಗಳೂ ಕೆಡುತ್ತವೆ.