‘ಅಷ್ಟು ದೂರ ಸೈಕಲ್ ತುಳಿದು ಏನು ಸಿಕ್ಕಿತು?’

ಹೊಟ್ಟೆನೋವು ಸಿಕ್ಕಿತು. ಅಂಗೈಗೆ ಜೋಮು ಸಿಕ್ಕಿತು, ಅದು ಇನ್ನೂ ಪೂರ್ತಿ ಬಿಟ್ಟಿಲ್ಲ. ಜಾಲಿಮುಳ್ಳು ಎಷ್ಟು ದುಬಾರಿಯ ಟೈರಿಗೂ ಮರ್ಯಾದೆ ಕೊಡುವುದಿಲ್ಲ ಎಂಬ ಜ್ಞಾನ ಸಿಕ್ಕಿತು. ಸಾಕೇ?

ನರ್ಮದಾ ಪರಿಕ್ರಮ, ಅಂದರೆ ಆ ನದಿಯ ಪ್ರದಕ್ಷಿಣೆ, ಮುಗಿಸಿ ಬಾಗಲಕೋಟೆಗೆ ಮರಳಿದಾಗಿನಿಂದ ಇದೊಂದೇ ಪ್ರಶ್ನೆ. ಮದುವೆ ಮನೆಯಲ್ಲಿ, ಕ್ಷೌರದಂಗಡಿಯಲ್ಲಿ, ಪಿಂಚಣಿಗೆಂದು ಹೋದ ಬ್ಯಾಂಕಿನಲ್ಲಿ. ಸಂತೆಯಿಂದ ಬಂದವನ ಚೀಲಕ್ಕೆ ಕಣ್ಣು ಹಾಕುವಂತೆ ನನ್ನ ಮುಖಕ್ಕೆ ಕಣ್ಣು ಹಾಕಿ, ‘ಕಾಕಾ, ಏನು ಸಿಕ್ಕಿತು?’ ಎನ್ನುತ್ತಾರೆ. ಬೆನ್ನಿಗೇ ಉಳಿದವೂ ಬರುತ್ತವೆ. ಹರಕೆ ಇತ್ತೇ? ಮನೆಯಲ್ಲಿ ಏನಾದರೂ ಮಾತು ಬಂದಿತ್ತೇ? ನಡೆದು ಮಾಡುವುದನ್ನು ಸೈಕಲ್ಲಿನಲ್ಲಿ ಮಾಡಿದರೆ ಪುಣ್ಯ ಅರ್ಧವಾಗುವುದಿಲ್ಲವೇ? ಈ ಕೊನೆಯದನ್ನು ಕೇಳಿದವರು ಪಕ್ಕದ ಬೀದಿಯ ಗುಡಿಗೂ ಸ್ಕೂಟರಿನಲ್ಲಿ ಹೋಗುವವರು.

ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ. ಇನ್ನು ಕೇಳಿದವರಿಗೆ ಇದನ್ನು ಕಳಿಸಿಬಿಡುತ್ತೇನೆ.

ನರ್ಮದೆ ಅಮರಕಂಟಕದಲ್ಲಿ ಹುಟ್ಟಿ, ಪಶ್ಚಿಮಕ್ಕೆ 1312 ಕಿಲೋಮೀಟರ್ ಹರಿದು, ಭರೂಚ್ ದಾಟಿ ಖಂಭಾತ್ ಕೊಲ್ಲಿ ಸೇರುತ್ತಾಳೆ. ಅವಳನ್ನು ಬಲಕ್ಕಿಟ್ಟುಕೊಂಡು ದಕ್ಷಿಣ ದಂಡೆಯಲ್ಲಿ ಸಮುದ್ರದವರೆಗೆ ಇಳಿಯಬೇಕು. ಅಲ್ಲಿ ದೋಣಿಯಲ್ಲಿ ಆಚೆಗೆ ಹೋಗಿ, ಉತ್ತರ ದಂಡೆಯಲ್ಲಿ ಮೂಲದವರೆಗೆ ಏರಿ, ಅದನ್ನು ಸುತ್ತಿ ಹೊರಟ ಜಾಗಕ್ಕೆ ಬರಬೇಕು. ನಡುವೆ ಎಲ್ಲಿಯೂ ನದಿ ದಾಟುವಂತಿಲ್ಲ, ಸೇತುವೆಯ ಮೇಲಿಂದಲೂ ಇಲ್ಲ. ನಾನು ಹೊರಟದ್ದು ಓಂಕಾರೇಶ್ವರದಿಂದ. ಜ್ಯೋತಿರ್ಲಿಂಗ ಎದುರಿನ ದ್ವೀಪದಲ್ಲೇ ಕಾಣುತ್ತದೆ, ಆದರೆ ಪರಿಕ್ರಮ ಮುಗಿಯುವ ತನಕ ಅಲ್ಲಿಗೆ ಕಾಲಿಡುವಂತಿಲ್ಲ. ಸಂಪ್ರದಾಯದ ಲೆಕ್ಕ 3 ವರ್ಷ, 3 ತಿಂಗಳು, 13 ದಿನ. ಈಗ ನಡೆಯುವವರು ಕೆಲವೇ ತಿಂಗಳಲ್ಲಿ ಮುಗಿಸುತ್ತಾರೆ, ಬಸ್ಸಿನವರು ಕೆಲವೇ ವಾರಗಳಲ್ಲಿ. ಸೈಕಲ್ಲಿನವರು ಅತ್ತ ಅವರಿಗೂ ಸಲ್ಲದೆ ಇತ್ತ ಇವರಿಗೂ ಸಲ್ಲದೆ ಇಬ್ಬರಿಂದಲೂ ಬುದ್ಧಿ ಹೇಳಿಸಿಕೊಳ್ಳುತ್ತೇವೆ. ಮೊಬೈಲಿನ ನಕ್ಷೆಗಂತೂ ಯಾವ ಸಂಪ್ರದಾಯವೂ ಗೊತ್ತಿಲ್ಲ. ಸೇತುವೆ ಬಂದಾಗಲೆಲ್ಲ ‘ಬಲಕ್ಕೆ ತಿರುಗಿ’ ಎಂದು ಪೀಡಿಸುತ್ತದೆ.

ದೇವರಲ್ಲಿ ನಂಬಿಕೆ ಬಂತೇ? ಹೋಗುವಾಗ ಎಷ್ಟಿತ್ತೋ ಅಷ್ಟೇ ಇದೆ, ಹಬ್ಬ ಹುಣ್ಣಿಮೆಗೆ ಸಾಲುವಷ್ಟು. ಹೆಚ್ಚಾದದ್ದು ಬೇರೆ ಬಗೆಯದು. ಹೊತ್ತು ಇಳಿಯುವಾಗ ಯಾವುದೋ ಊರಿನಲ್ಲಿ ‘ನರ್ಮದೇ ಹರ್’ ಎಂದು ಕೂಗಿದರೆ ಒಳಗಿನಿಂದ ಅದೇ ಮಾತು ಮರಳಿ ಬರುತ್ತದೆ, ಅದರ ಹಿಂದೆ ಒಂದು ಚೊಂಬು ನೀರು. ‘ಎಷ್ಟು ಮೂರ್ತಿ?’ ಎಂದು ತಲೆ ಎಣಿಸುತ್ತಾರೆ, ‘ಆಸನ ಹಾಸಿರಿ’ ಎನ್ನುತ್ತಾರೆ. ಆಶ್ರಮವಾದರೆ ಊಟ, ಇಲ್ಲವಾದರೆ ಸದಾವ್ರತ, ಅಂದರೆ ಬೇಯಿಸಿಕೊಳ್ಳಲು ಹಿಟ್ಟು, ಬೇಳೆ. ಮೊದಮೊದಲು ಮಧ್ಯಾಹ್ನವೇ ಮುಂದಿನ ಊರಿನ ಲಾಡ್ಜುಗಳ ನಂಬರ್ ಹುಡುಕುತ್ತಿದ್ದೆ. ಸಮುದ್ರ ಮುಟ್ಟುವ ಹೊತ್ತಿಗೆ ಹುಡುಕುವುದನ್ನೇ ಬಿಟ್ಟಿದ್ದೆ. ಇದು ನನ್ನ ಧೈರ್ಯವಲ್ಲ, ಆ ದಂಡೆಯವರು ತಲೆಮಾರುಗಳಿಂದ ಇಟ್ಟುಕೊಂಡು ಬಂದ ರೂಢಿ. ಹಾಗೆಂದು ಎಲ್ಲ ಬಾಗಿಲೂ ಎಲ್ಲರಿಗೂ ಇಷ್ಟೇ ಸಲೀಸಾಗಿ ತೆರೆಯುತ್ತವೆ ಎಂದು ಆಣೆ ಮಾಡಲಾರೆ. ನಾನು ಗಂಡಸು, ಗಡ್ಡ ಬೇರೆ ನರೆತಿದೆ. ಒಂದೆರಡು ಕಡೆ ನೀರಿಗಿಂತ ಮೊದಲು ಜಾತಿಯ ಪ್ರಶ್ನೆಯೇ ಬಂತು.

ಇನ್ನು ಕುಕ್ಷಿಯ ಅಜ್ಜಿಯ ವಿಷಯ. ಮಧ್ಯಪ್ರದೇಶದ ಧಾರ್ ಜಿಲ್ಲೆಯ ಆ ಕಡೆಯ ಊರುಗಳು ನರ್ಮದೆಗೆ ಕಟ್ಟಿದ ಸರ್ದಾರ್ ಸರೋವರ ಅಣೆಕಟ್ಟೆಯ ಹಿನ್ನೀರಿನವು. ಅಣೆಕಟ್ಟೆಯ ಗೇಟುಗಳನ್ನು ಮುಚ್ಚಿದ್ದು 2017ರಲ್ಲಿ. 2019ರ ಮಳೆಗಾಲದಲ್ಲಿ ನೀರು ಮೊದಲ ಸಲ ಪೂರ್ತಿ 138.68 ಮೀಟರಿಗೆ ಏರಿದಾಗ ನಿಸರ್‌ಪುರದಂಥ ದೊಡ್ಡ ಊರೇ ಮುಳುಗಿತು. ನಾನು ಕುಕ್ಷಿಯಲ್ಲಿ ಹೊಟ್ಟೆ ತುಂಬ ತಿಂದು ಹೊರಟಿದ್ದೆ. ಪುನರ್ವಸತಿ ಕಾಲೊನಿಯೊಂದರ ಮುಂದೆ, ಡಾಂಬರು ರಸ್ತೆಯ ನಟ್ಟನಡುವೆ ನಿಂತಿದ್ದ ಅಜ್ಜಿ ಸೈಕಲ್ಲಿನ ಹ್ಯಾಂಡಲ್ ಹಿಡಿದುಬಿಟ್ಟಳು. ಉಂಡು ಹೋಗು. ಊಟವಾಗಿದೆ ಎಂದೆ. ‘ಅದು ಹೋಟೆಲಿನದು’ ಎಂದಳು.

ಗೋವಿನಜೋಳದ ರೊಟ್ಟಿ ಬಡಿಯುತ್ತ ಹೇಳಿದಳು. ಹಳೆಯ ಮನೆ ಪರಿಕ್ರಮದ ದಾರಿಯಲ್ಲೇ ಇತ್ತು. ಕಾರ್ತಿಕದ ಏಕಾದಶಿ ಕಳೆದು ಯಾತ್ರೆ ಶುರುವಾದರೆ ಬೇಸಗೆಯವರೆಗೆ ಒಲೆ ಆರುತ್ತಿರಲಿಲ್ಲ. ಊರು ಮುಳುಗಿತು, ದಾರಿಯೂ ಮುಳುಗಿತು. ಇಲ್ಲಿ ಪ್ಲಾಟ್ ಕೊಟ್ಟರು, ಹಣವೂ ಬಂತು, ಆದರೆ ನಡೆಯುವವರು ಬೇರೆ ದಾರಿ ಹಿಡಿದರು. ತನ್ನ ಕೈಯಿಂದ ಹೊರಗಿನವರು ಒಂದು ತುತ್ತು ಉಣ್ಣದೆ ಯಾತ್ರೆಯ ದಿನಗಳು ಹಾಗೇ ಕಳೆದವು. ಆಮೇಲೆ ಈ ರಸ್ತೆಯಲ್ಲಿ ಗಾಡಿಯವರು, ಸೈಕಲ್ಲಿನವರು ಕಾಣತೊಡಗಿದರು. ಗಾಡಿಗಳು ನಿಲ್ಲುವುದಿಲ್ಲ. ಸೈಕಲ್ಲನ್ನು ಹಿಡಿಯಬಹುದು.

ನಾನೂ ಮುಳುಗಡೆಯವನೇ ಎಂದೆ, ನನ್ನ ಹರಕು ಹಿಂದಿಯಲ್ಲಿ. ಆಲಮಟ್ಟಿಯ ಹಿನ್ನೀರು, ಕೃಷ್ಣೆ, ಹಳೇ ಬಾಗಲಕೋಟೆ, ಮುಳುಗಡೆಯವರಿಗೆಂದು ಕಟ್ಟಿದ ನವನಗರ. ನಿನಗೆ ನದಿಯ ಮೇಲೆ ಸಿಟ್ಟಿಲ್ಲವೇ ಎಂದು ಕೇಳಿದೆ. ‘ಮಾಯಿ ಏನು ಮಾಡಿದಳು? ಗೇಟು ಹಾಕಿದವರು ಬೇರೆಯವರು’ ಎಂದು ರೊಟ್ಟಿ ಮಗುಚಿದಳು. ಆಮೇಲೆ ಕೇಳಿದಳು: ‘ಊರು ಮುಳುಗಿದ ಮೇಲೆ ನೀವು ಯಾರಿಗೆ ಉಣ್ಣಲು ಹಾಕಿದಿರಿ?’

ಇಂಥದೊಂದು ಪ್ರಶ್ನೆಯನ್ನು ನವನಗರದ ಯಾವ ಸೆಕ್ಟರಿನಲ್ಲಿಯೂ ನಾನು ಕೇಳಿಲ್ಲ. ನಮ್ಮಲ್ಲಿ ಕೇಳುವುದು ಪರಿಹಾರ ಎಷ್ಟು ಬಂತು, ಕೋರ್ಟಿನಲ್ಲಿ ಎಷ್ಟು ಹೆಚ್ಚಿಸಿದರು, ಅಣೆಕಟ್ಟೆ 519.60 ಮೀಟರಿನಿಂದ 524.256ಕ್ಕೆ ಏರಿದರೆ ಇನ್ನು ಯಾರ ಹೊಲ ಹೋಗುತ್ತದೆ ಎಂದು. ಅದು ತಪ್ಪೆಂದು ನಾನು ಹೇಳುವುದಿಲ್ಲ, ನಾನೂ ಆ ಕಡತಗಳ ಹಿಂದೆ ಅಲೆದವನು. ಬಾಗಿಲು, ಚೌಕಟ್ಟು, ತೊಲೆ, ಬಾವಿ ಎಲ್ಲವನ್ನೂ ಅಳೆದು ಬರೆದುಕೊಂಡರು. ಮನೆಯ ಮುಂದಿನ ಕಟ್ಟೆಯನ್ನೂ ಅಳೆದಿರಬೇಕು, ಕಲ್ಲಿನ ಲೆಕ್ಕದಲ್ಲಿ. ಯುಗಾದಿಯ ಹೊತ್ತಿಗೆ ಶ್ರೀಶೈಲಕ್ಕೆ ನಡೆದು ಹೋಗುವವರು ಆ ಕಟ್ಟೆಯ ಮೇಲೆ ಕಂಬಳಿ ಹಾಸುತ್ತಿದ್ದರು. ಯಾರು, ಯಾವ ಊರು ಎಂಬುದು ರೊಟ್ಟಿ ಉಂಡ ಮೇಲೆ ಗೊತ್ತಾಗುತ್ತಿತ್ತು. ನವನಗರದ ಮನೆಗೆ ಕಾಂಪೌಂಡು ಇದೆ, ಕಬ್ಬಿಣದ ಗೇಟು ಇದೆ, ಗೇಟಿನ ಮೇಲೆ ನಾಯಿಯ ಚಿತ್ರವಿರುವ ಫಲಕವಿದೆ. ನಾಯಿ ಇಲ್ಲ.

ಅಜ್ಜಿಗೆ ಏನು ಹೇಳಿದೆ? ‘ರೊಟ್ಟಿ ಚೆನ್ನಾಗಿದೆ’ ಎಂದೆ.

ಊಟವಾದ ಮೇಲೆ ಹಣ ಕೊಡಹೋಗಿ ಬೈಸಿಕೊಂಡೆ. ಆಮೇಲೆ ಮನೆಯ ಪಕ್ಕಕ್ಕೆ ಕರೆದೊಯ್ದು ತೋರಿಸಿದಳು. ಪರಿಹಾರದ ಹಣದಲ್ಲಿ ಉಳಿದದ್ದನ್ನು ಹಾಕಿ ಯಾತ್ರಿಕರಿಗೆಂದು ಒಂದು ಕೋಣೆ ಕಟ್ಟಿಸುತ್ತಿದ್ದಳು. ಗೋಡೆ ಮೊಣಕಾಲಿನ ಎತ್ತರಕ್ಕೆ ಬಂದು ನಿಂತಿತ್ತು. ಮಗನಿಗೆ ಅದು ಇಷ್ಟವಿಲ್ಲ ಎಂಬುದು ಅವನು ಸಿಮೆಂಟಿನ ಚೀಲಗಳನ್ನು ನೋಡುತ್ತಿದ್ದ ರೀತಿಯಲ್ಲೇ ತಿಳಿಯುತ್ತಿತ್ತು. ಡಾಂಬರು ರಸ್ತೆಯಲ್ಲಿ ಯಾರು ಬಂದು ತಂಗುತ್ತಾರೆ ಎಂಬುದು ಅವನ ವಾದ. ಅವಳು ನನ್ನನ್ನು ತೋರಿಸಿದಳು.

ಆದ್ದರಿಂದ ನನಗೆ ಏನು ಸಿಕ್ಕಿತು ಎಂದು ಕೇಳುವವರು ದಯವಿಟ್ಟು ಸುಮ್ಮನಿರಿ. ಅವಳಿಗೆ ಏನು ಸಿಕ್ಕಿತು ಎಂದು ಕೇಳಿ, ಕುರ್ಚಿ ಹಾಕಿ ಕೂರಿಸಿ ಹೇಳುತ್ತೇನೆ. ಅವಳಿಗೆ ಒಬ್ಬ ಅತಿಥಿ ಸಿಕ್ಕಿದ, ಮಗನೊಡನೆ ವಾದಕ್ಕೆ ಒಂದು ಸಾಕ್ಷಿ ಸಿಕ್ಕಿತು.

ಮೊನ್ನೆ ಅವಳ ಮೊಮ್ಮಗನಿಗೆ ಫೋನ್ ಮಾಡಿದ್ದೆ. ಗೋಡೆ ಎದ್ದಿದೆಯಂತೆ, ತಗಡು ಬಂದಿದೆಯಂತೆ, ಗೌಂಡಿ ಮಾತ್ರ ಮುಂಗಡ ತೆಗೆದುಕೊಂಡು ಕಾಣೆಯಾಗಿದ್ದಾನಂತೆ. ಅಜ್ಜಿ ಫೋನ್ ಕಸಿದುಕೊಂಡು ಗೌಂಡಿಯನ್ನು ಬೈದಳು, ನಂತರ ನನ್ನ ಮನೆಗೆ ಇದುವರೆಗೆ ಎಷ್ಟು ಮೂರ್ತಿ ಬಂದರು ಎಂದು ವಿಚಾರಿಸಿದಳು. ಚಹಾಕ್ಕೆ ಬಹಳ ಜನ ಬರುತ್ತಾರೆ ಎಂದೆ. ಚಹಾ ಲೆಕ್ಕಕ್ಕೆ ಬರುವುದಿಲ್ಲವಂತೆ.