ಗೆರೆಯ ಈಚೆ ಗೋಧಿ, ಆಚೆ ಕುರಿ

14 ಜೂನ್ 2024, ಶುಕ್ರವಾರ

ಇವತ್ತು ಇಡೀ ದಿನ ಒಂದು ಗೆರೆಯ ಹಿಂದೆ ಬಿದ್ದಿದ್ದೆ. ಬೇರೆ ಕೆಲಸವೇನೂ ಆಗಲಿಲ್ಲ.

ದಕ್ಷಿಣ ಆಸ್ಟ್ರೇಲಿಯಾದ ಭೂಮಾಪಕ ಜಾರ್ಜ್ ಗಾಯ್ಡರ್ 1865ರ ಬರದಲ್ಲಿ ಕುದುರೆಯ ಮೇಲೆ ಸುತ್ತಿ ಗುರುತಿಸಿದ ಗೆರೆ ಅದು. ಅದರ ದಕ್ಷಿಣಕ್ಕೆ ಬೇಸಾಯ, ಉತ್ತರಕ್ಕೆ ಬರೀ ಮೇವು. ಮಳೆ ಲೆಕ್ಕಕ್ಕಿಂತ ಅವನು ನಂಬಿದ್ದು ಗಿಡಗಳನ್ನು. ಮ್ಯಾಲಿ ಎಂಬ ಗಿಡ್ಡ ನೀಲಗಿರಿ ಮುಗಿದು ಸಾಲ್ಟ್‌ಬುಷ್ ಕುರುಚಲು ಶುರುವಾದ ಕಡೆ ಗೆರೆ ಹಾಕಿದ. ಹತ್ತಾರು ವರ್ಷ ಬಾಳುವ ಪೊದೆ ಒಂದೆರಡು ಒಳ್ಳೆಯ ಮಳೆಗಾಲಕ್ಕೆ ಮರುಳಾಗುವುದಿಲ್ಲವಲ್ಲ.

ಜನ ಮರುಳಾದರು. 1870ರ ದಶಕದಲ್ಲಿ ಮಳೆ ಚೆನ್ನಾಗಿ ಬಂತು, ಗೆರೆ ದಾಟಿ ಗೋಧಿ ಬಿತ್ತಿದರು. ಉತ್ತ ನೆಲದ ಹಿಂದೆಯೇ ಮಳೆ ಬರುತ್ತದೆ ಎಂಬ ಮಾತು ಬೇರೆ! 1880ರ ದಶಕದಲ್ಲಿ ಮತ್ತೆ ಬರ. ಬಿಟ್ಟುಹೋದ ಮನೆಗಳ ಕಲ್ಲುಗೋಡೆಗಳು ಇಂದಿಗೂ ಬಯಲಲ್ಲಿ ನಿಂತಿವೆ.

ನನ್ನ ತಲೆ ಕೆಟ್ಟಿದ್ದು ಮಧ್ಯಾಹ್ನ. ಅಮೆರಿಕದ ಭೂವಿಜ್ಞಾನಿ ಜಾನ್ ವೆಸ್ಲಿ ಪೊವೆಲ್ ಅಲ್ಲಿನ ಒಣನೆಲಗಳ ಬಗ್ಗೆ ಬರೆದ 1878ರ ವರದಿಯಲ್ಲಿ, ನೀರಾವರಿಯಿಲ್ಲದ ಬೇಸಾಯಕ್ಕೆ ವರ್ಷಕ್ಕೆ 20 ಇಂಚು, ಅಂದರೆ ಸುಮಾರು 500 ಮಿ.ಮೀ. ಮಳೆ ಬೇಕೆಂದ. ಗಾಯ್ಡರ್ ಗೆರೆಯ ಮೇಲೆ ಬೀಳುವುದು 250ರಿಂದ 300. ಗೋಧಿ ಎರಡೂ ಕಡೆ ಗೋಧಿಯೇ, ಹಾಗಿದ್ದರೆ ಅರ್ಧಕ್ಕರ್ಧ ವ್ಯತ್ಯಾಸ ಹೇಗೆ?

ಉತ್ತರ ತಿಂಗಳುಗಳಲ್ಲಿತ್ತು. ಗಾಯ್ಡರನ ಕಡೆ ಮಳೆ ಹೆಚ್ಚಾಗಿ ಚಳಿಗಾಲದ್ದು. ಬಿಸಿಲು ಕಡಿಮೆ, ಬಿದ್ದ ನೀರು ಬೇರಿಗೆ ಇಳಿಯುತ್ತದೆ. ಪೊವೆಲ್‌ನ ಕಡೆ, ಅಮೆರಿಕದ ನಡುವಿನ ದೊಡ್ಡ ಬಯಲಿನಲ್ಲಿ, ಹೆಚ್ಚಿನ ಮಳೆ ವಸಂತದ ಕೊನೆಗೆ, ಬೇಸಗೆಯಲ್ಲಿ. ಅದರಲ್ಲಿ ದೊಡ್ಡ ಪಾಲನ್ನು ಬಿಸಿಲು, ಗಾಳಿ ಕುಡಿದುಬಿಡುತ್ತವೆ. ಮಳೆಮಾಪಕದಲ್ಲಿ ಎಷ್ಟು ನಿಂತಿತು ಅನ್ನುವುದಷ್ಟೇ ನೋಡಿ ಇಷ್ಟು ದಿನ ನಕ್ಷೆ ಓದುತ್ತಿದ್ದೆನಲ್ಲ, ಪೆದ್ದುತನ.

ಪೈರಿಗೆ ಮೊಳಕೆಯ ಹೊತ್ತಿಗೆ ಹದ ಬೇಕು, ಕಾಳು ಕಟ್ಟುವಾಗ ಮತ್ತೆ ಬೇಕು. ನಡುವೆ ಮೂರು ವಾರ ತಪ್ಪಿದರೆ ವರ್ಷದ ಸರಾಸರಿ ಸರಿಯಾಗಿದ್ದೂ ಕಾಳು ಜೊಳ್ಳು. ಬಹುವಾರ್ಷಿಕ ಹುಲ್ಲು ಹಾಗಲ್ಲ, ಒಣಗಿದಂತೆ ಬಿದ್ದುಕೊಂಡು ಬುಡದಲ್ಲಿ ಜೀವ ಹಿಡಿದು ಕಾಯುತ್ತದೆ. ಮಂದೆಗೆ ಕಾಲೂ ಇದೆ, ಹೊಲಕ್ಕಿಲ್ಲ.

ಸಂಜೆ ಆಫ್ರಿಕಾದಲ್ಲಿ ಸಹಾರಾದ ದಕ್ಷಿಣಕ್ಕಿರುವ ಒಣ ಪಟ್ಟಿ ಸಾಹೇಲ್‌ನ ನಕ್ಷೆ ತೆರೆದೆ. ಅಲ್ಲಿನ ದನಗಾಹಿಗಳು ಮಳೆಗಾಲದಲ್ಲಿ ಉತ್ತರಕ್ಕೆ, ಸಹಾರಾದ ಅಂಚಿನತ್ತ ಹೊರಡುತ್ತಾರೆ. ಮಳೆ ಕಡಿಮೆಯಿರುವ ಕಡೆಗೇ! ಅಲ್ಲಿನ ಹುಲ್ಲು ಗಿಡ್ಡ, ಆದರೆ ದಕ್ಷಿಣದ ಎತ್ತರದ ಒರಟು ಹುಲ್ಲಿಗಿಂತ ಪ್ರೋಟೀನ್ ಹೆಚ್ಚು. ಒಣಗಾಲ ಬಂದಂತೆ ಮತ್ತೆ ದಕ್ಷಿಣಕ್ಕೆ ಇಳಿದು, ಕೊಯ್ಲಾದ ಹೊಲಗಳ ಕೂಳೆ ಮೇಯಿಸುತ್ತಾರೆ.