ವರ್ಮಾಂಟ್‌ಗೆ ಹೊರಡುವ ಮುನ್ನ ಬೆಟ್ಟದ ಸಾಲು ನೋಡಿಕೊಳ್ಳಿ

ಅಮೆರಿಕದ ಈಶಾನ್ಯ ಮೂಲೆಯ ವರ್ಮಾಂಟ್ ನಕ್ಷೆಯಲ್ಲಿ ಪುಟ್ಟ ರಾಜ್ಯ. ಒಂದೇ ದಿನದಲ್ಲಿ ಸುತ್ತಿ ಬರಬಹುದು ಅನ್ನಿಸುತ್ತದೆ. ಆದರೆ ಗ್ರೀನ್ ಮೌಂಟನ್ಸ್ ಎಂಬ ಬೆಟ್ಟಸಾಲು ಉತ್ತರದಿಂದ ದಕ್ಷಿಣಕ್ಕೆ ಬೆನ್ನುಮೂಳೆಯ ಹಾಗೆ ಮಲಗಿದೆ. ಅದರ ಉದ್ದಕ್ಕೆ ಹೋಗುವುದು ಸುಲಭ, ಅಡ್ಡ ದಾಟುವುದು ಕಷ್ಟ. ದಿನದ ಲೆಕ್ಕವನ್ನು ಈ ಬೆಟ್ಟ ನೋಡಿಯೇ ಹಾಕಬೇಕು.

ಮೊದಲ ಸಲ ಹೋದದ್ದು ನವೆಂಬರ್ ಕೊನೆಯಲ್ಲಿ. ನೋಡಬೇಕೆಂದಿದ್ದ ಸ್ಟೋವ್ ಎಂಬ ಊರು ಪಕ್ಕದಲ್ಲೇ ಇದೆಯೆಂದು ಬೆಟ್ಟದಾಚೆಯ ಜೆಫರ್‌ಸನ್‌ವಿಲ್‌ನಲ್ಲಿ ರೂಮು ಮಾಡಿದ್ದೆವು. ನಡುವಿನ ಸ್ಮಗ್ಲರ್ಸ್ ನಾಚ್ ಕಣಿವೆ ದಾರಿ, ಅಂದರೆ 108ನೇ ರಸ್ತೆ, ಹಿಮ ಶುರುವಾದರೆ ವಸಂತದವರೆಗೆ ಮುಚ್ಚಿರುತ್ತದೆ. ಗೇಟಿನ ಮುಂದೆ ನಿಂತಾಗಲೇ ನಮಗದು ಗೊತ್ತಾದದ್ದು. ಬೆಟ್ಟ ಬಳಸಿ ಹೋಗುವಷ್ಟರಲ್ಲಿ ಕತ್ತಲಾಯಿತು, ಮಕ್ಕಳು ಹಸಿದು ಸೋತಿದ್ದರು.

ಈ ಸಲ ಅಕ್ಟೋಬರ್ ಮೊದಲ ವಾರ ಆರಿಸಿಕೊಂಡೆವು. ಎಲೆಗಳ ಬಣ್ಣ ನೋಡಲು ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ಮಧ್ಯದವರೆಗೆ ಒಳ್ಳೆಯ ಕಾಲ; ಉತ್ತರದಲ್ಲಿ ಮೊದಲು ಕೆಂಪೇರುತ್ತದೆ. ರೂಮುಗಳನ್ನು ತಿಂಗಳುಗಟ್ಟಲೆ ಮೊದಲೇ ಕಾಯ್ದಿರಿಸಿ. ಮಾರ್ಚ್, ಏಪ್ರಿಲ್ ಬೇಡ. ಹಿಮ ಕರಗಿ ಮಣ್ಣಿನ ರಸ್ತೆಗಳೆಲ್ಲ ಕೆಸರಾಗಿರುತ್ತವೆ.

ಬಾಸ್ಟನ್‌ನಿಂದ ಸುಮಾರು ಮೂರು ಗಂಟೆ ಕಾರು ಓಡಿಸಿದರೆ ರಾಜಧಾನಿ ಮಾಂಟ್‌ಪೀಲಿಯರ್. ಜನಸಂಖ್ಯೆ ಸುಮಾರು 8,000. ಅಮೆರಿಕದ ರಾಜಧಾನಿಗಳಲ್ಲೆಲ್ಲ ಇದೇ ಚಿಕ್ಕದು. ಚಿನ್ನದ ಗುಮ್ಮಟದ ಶಾಸನಸಭೆಗೆ ಕಾಡುಬೆಟ್ಟವೇ ಹಿನ್ನೆಲೆ. ಅಲ್ಲಿಂದ ಚಾಂಪ್ಲೇನ್ ಸರೋವರದ ದಂಡೆಯ ಬರ್ಲಿಂಗ್ಟನ್‌ಗೆ ಮುಕ್ಕಾಲು ಗಂಟೆ. ವಿನೂಸ್ಕಿ ನದಿ ಬೆಟ್ಟ ಕೊರೆದು ಮಾಡಿಕೊಟ್ಟ ದಾರಿಯಲ್ಲೇ ಹೆದ್ದಾರಿ ಸಾಗುವುದರಿಂದ ಬೆಟ್ಟವನ್ನು ಅಡ್ಡ ದಾಟುವ ಈ ದಾರಿ ಮಾತ್ರ ಸಲೀಸು. ರಾಜ್ಯದ ಅತಿ ದೊಡ್ಡ ನಗರ ಬರ್ಲಿಂಗ್ಟನ್. ತಂಗಲು, ಸಸ್ಯಾಹಾರಕ್ಕೆ ಅದೇ ಅನುಕೂಲ. ಹಳ್ಳಿಕಡೆ ಹೋಟೆಲುಗಳ ಅಡುಗೆಮನೆ ಬೇಗ ಮುಚ್ಚುತ್ತದೆ. ನಮಗೆ ಒಗ್ಗರಣೆ ಅವಲಕ್ಕಿಯ ಡಬ್ಬಿ ಎರಡು ರಾತ್ರಿ ಆಸರೆಯಾಯಿತು.

ಇನ್ನೊಂದು ವಿಷಯ. ಇಲ್ಲಿ ‘ಟೌನ್’ ಅಂದರೆ ಪೇಟೆಯಲ್ಲ. ನಮ್ಮ ಹೋಬಳಿಯ ಹಾಗೆ ಹೊಲ, ಕಾಡು, ಹಲವು ಹಳ್ಳಿಗಳನ್ನು ಒಳಗೊಂಡ ಪ್ರದೇಶ. ವೈಟ್ ರಿವರ್ ಜಂಕ್ಷನ್, ಕ್ವೀಚಿ ಎರಡೂ ಹಾರ್ಟ್‌ಫರ್ಡ್ ಎಂಬ ಟೌನಿನೊಳಗಿವೆ. ಹಾಗಾಗಿ ಟೌನಿನ ಹೆಸರನ್ನಷ್ಟೇ ನಂಬಿ ಹೊರಡಬೇಡಿ, ಪೂರ್ತಿ ವಿಳಾಸ ಹಾಕಿ. ದಾರಿಬದಿಯ ಜಾಹೀರಾತು ಫಲಕಗಳನ್ನು 1968ರ ಕಾನೂನು ನಿಷೇಧಿಸಿದೆ. ಕಣ್ಣಿಗೆ ಎಷ್ಟು ಹಿತ! ಆದರೆ ಮುಂದೆ ಪೆಟ್ರೋಲ್ ಬಂಕ್ ಇದೆಯೆಂದು ಹೇಳುವ ದೊಡ್ಡ ಫಲಕವೂ ಇರುವುದಿಲ್ಲ. ಕಣಿವೆಗಳಲ್ಲಿ ಮೊಬೈಲ್ ಸಿಗ್ನಲ್ ಹೋಗುತ್ತದೆ. ನಕ್ಷೆಯನ್ನು ಮೊದಲೇ ಇಳಿಸಿಕೊಳ್ಳಿ.

ಸಮಯ ಸಾಲದಿದ್ದರೆ ಬೇರೆ ಏನನ್ನಾದರೂ ಬಿಡಿ, ಮಾಂಟ್‌ಪೀಲಿಯರ್ ಪಕ್ಕದ ಬ್ಯಾರಿ ಬಿಡಬೇಡಿ. ಗ್ರಾನೈಟ್ ಗಣಿಗಳ ಊರು. ಇಟಲಿಯಿಂದ ಬಂದ ಶಿಲ್ಪಿಗಳು ಇಲ್ಲಿ ಕಲ್ಲು ಕೆತ್ತಿದರು, ಕಲ್ಲಿನ ಧೂಳು ಕುಡಿದು ಶ್ವಾಸಕೋಶದ ರೋಗದಿಂದ ಎಷ್ಟೋ ಜನ ಸತ್ತರು. ಹೋಪ್ ಸ್ಮಶಾನದಲ್ಲಿ ಅವರ ಸಮಾಧಿಗಳಿವೆ, ಎಲ್ಲವೂ ಅದೇ ಬೂದುಗಲ್ಲಿನವು. 1903ರಲ್ಲಿ ಗುಂಡೇಟಿಗೆ ಬಲಿಯಾದ ಶಿಲ್ಪಿ ಎಲಿಯಾ ಕಾರ್ಟಿ ಅಲ್ಲಿ ಆಳೆತ್ತರದ ಕಲ್ಲಾಗಿ ಗಲ್ಲಕ್ಕೆ ಕೈ ಕೊಟ್ಟು ಕೂತಿದ್ದಾನೆ. ಕೋಟಿನ ಗುಂಡಿ, ಬಟ್ಟೆಯ ಮಡಿಕೆ, ಕಾಲಬಳಿ ಅವನ ಉಳಿ ಸುತ್ತಿಗೆ. ಕೆತ್ತಿದವರು ಅವನ ಮನೆಯವರೇ. ನಾನು ಅರ್ಧ ಗಂಟೆ ಅಲ್ಲಿಂದ ಕದಲಲಿಲ್ಲ. ಮಧ್ಯಾಹ್ನ ಮೂರರ ಮೇಲೆ ಹೋಗಿ. ಓರೆ ಬಿಸಿಲಿಗೆ ಉಳಿಯ ಗೆರೆಗಳು ಚೆನ್ನಾಗಿ ಕಾಣುತ್ತವೆ.